ಬಾಯ್ಕಾಟ್: ಒಬ್ಬ ಪಾರುಪತ್ಯಗಾರನ ಹೆಸರು



ಇವತ್ತು ಒಂದೇ ಒಂದು ಇಂಗ್ಲಿಷ್ ಕ್ರಿಯಾಪದದ ಸುತ್ತ ಮಾತಾಡಬೇಕೆಂದಿದ್ದೇನೆ. ನಿಮಗೆಲ್ಲ ಗೊತ್ತಿರುವ ಪದವೇ. ಕಾಲೇಜಿನ ಮೆಟ್ಟಿಲು ಹತ್ತಿದವರಿಗೂ ಗೊತ್ತು, ಹತ್ತದವರಿಗೂ ಗೊತ್ತು. ‘ಕ್ಲಾಸ್ ಬಾಯ್ಕಾಟ್ ಮಾಡಿದ್ವಿ’, ‘ಸೇತುವೆ ಆಗೋವರೆಗೂ ನಮ್ಮೂರಲ್ಲಿ ಓಟು ಬಾಯ್ಕಾಟ್’, ‘ಆ ಸಿನಿಮಾ ಬಾಯ್ಕಾಟ್ ಮಾಡ್ರಪ್ಪಾ’ ಎಂದು ದಿನಬೆಳಗಾದರೆ ಕಿವಿಗೆ ಬೀಳುತ್ತದೆ. ಇಷ್ಟು ಬಳಸಿದ ಮೇಲೆ ಅದನ್ನು ಬಿಡಿಸಿ ನೋಡುವ ಆಸೆ ಯಾರಿಗಾದರೂ ಹುಟ್ಟಬೇಕು. ಇಂಗ್ಲಿಷ್ ಬಲ್ಲವರು ‘ಬಾಯ್’ ಎಂದರೆ ಹುಡುಗ, ‘ಕಾಟ್’ ಎಂದರೆ ಮಂಚ ಎಂದು ಸೀಳಿ ನೋಡಿ ಸೋಲುತ್ತಾರೆ. ಹುಡುಗನ ಮಂಚಕ್ಕೂ ಹುಡುಗರ ಗಲಾಟೆಗೂ ಯಾವ ನಂಟೂ ಕಾಣುವುದಿಲ್ಲ. ಕನ್ನಡದ ಕಿವಿ ಇನ್ನೂ ಚುರುಕು. ಅದು ‘ಬಾಯಿ ಕಟ್ಟು’ ಎಂದೋ ‘ಬಾಯಿ ಕಾಟ’ ಎಂದೋ ಕೇಳಿಸಿಕೊಳ್ಳುತ್ತದೆ. ಮಾತು ಬಿಡುವುದು, ಬಾಯಿಗೆ ಬೀಗ ಹಾಕುವುದು... ಅರ್ಥ ಹೆಚ್ಚುಕಡಿಮೆ ಕೂಡಿಯೂ ಬರುತ್ತದೆ! ಆದರೆ ಎರಡೂ ಸುಳ್ಳು. ಈ ಕ್ರಿಯಾಪದಕ್ಕೆ ಧಾತುವಿಲ್ಲ, ಗ್ರೀಕ್ ಮೂಲವಿಲ್ಲ, ಲ್ಯಾಟಿನ್ ಮೂಲವಿಲ್ಲ. ಇದು ಒಬ್ಬ ಮನುಷ್ಯನ ಮನೆತನದ ಹೆಸರು. ಪದಗಳ ಹುಟ್ಟಿದ ದಿನ ಹುಡುಕುವುದು ಸಾಮಾನ್ಯವಾಗಿ ಆಗದ ಕೆಲಸ. ಇದರದ್ದು ಮಾತ್ರ ಊರು, ವರ್ಷ, ಹೆಚ್ಚುಕಡಿಮೆ ವಾರ ಸಹಿತ ಸಿಕ್ಕುತ್ತದೆ: ಐರ್ಲೆಂಡಿನ ಪಶ್ಚಿಮದ ಮೇಯೋ ಕೌಂಟಿ, 1880ರ ಶರತ್ಕಾಲ.

ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ ಹುಟ್ಟಿದ್ದು 1832ರಲ್ಲಿ, ಇಂಗ್ಲೆಂಡಿನ ನಾರ್ಫಕ್‌ನಲ್ಲಿ, ಒಬ್ಬ ಪಾದ್ರಿಯ ಮಗನಾಗಿ. ಮನೆತನದ ಹೆಸರನ್ನು ಆಗ ಬರೆಯುತ್ತಿದ್ದದ್ದು ಬಾಯ್ಕ್ಯಾಟ್ ಎಂದು. ಹುಡುಗನಿಗೆ ಎಂಟೊಂಬತ್ತು ವರ್ಷವಾದಾಗ ಮನೆಯವರು ಒಂದು ಅಕ್ಷರ ಬದಲಿಸಿ ಬಾಯ್ಕಾಟ್ ಮಾಡಿಕೊಂಡರು. ಆ ಅಕ್ಷರ ಬದಲಾಗದಿದ್ದರೆ ಇವತ್ತು ನಮ್ಮ ಹುಡುಗರು ‘ಬಾಯ್ಕ್ಯಾಟ್’ ಮಾಡುತ್ತಿದ್ದರು. ಬಾಯ್ಕಾಟ್ ಸ್ವಲ್ಪ ಕಾಲ ಸೈನ್ಯದಲ್ಲಿದ್ದ. ಕ್ಯಾಪ್ಟನ್ ಹುದ್ದೆಗೆ ಏರಲೇ ಇಲ್ಲ. ಊರವರು ಹಾಗೆ ಕರೆದರು, ಅವನು ಬೇಡವೆನ್ನಲಿಲ್ಲ. ಐರ್ಲೆಂಡಿನ ಅಕಿಲ್ ದ್ವೀಪದಲ್ಲಿ ಹಲವು ವರ್ಷ ಒಕ್ಕಲುತನ ಮಾಡಿ, 1870ರ ದಶಕದಲ್ಲಿ ಲಾಖ್ ಮಾಸ್ಕ್ ಎಂಬ ದೊಡ್ಡ ಸರೋವರದ ದಂಡೆಗೆ ಬಂದ. ಅಲ್ಲಿ ಲಾರ್ಡ್ ಅರ್ನ್ ಎಂಬ ಜಮೀನುದಾರನ ಆಸ್ತಿಯನ್ನು ನೋಡಿಕೊಳ್ಳುವ ಏಜೆಂಟನಾದ. ಜೊತೆಗೆ ತನ್ನದೇ ಗುತ್ತಿಗೆಯ ಜಮೀನೂ ಇತ್ತು.

ಏಜೆಂಟ್ ಎಂದರೆ ನಮ್ಮ ಹಳೆಯ ಮಾತಿನಲ್ಲಿ ಪಾರುಪತ್ಯಗಾರ. ಒಡೆಯ ದೂರದಲ್ಲಿರುತ್ತಾನೆ, ಗೇಣಿ ವಸೂಲಿಗೆ ಊರಲ್ಲಿ ಇವನಿರುತ್ತಾನೆ. ಒಡೆಯನ ಮುಖವನ್ನೇ ನೋಡದ ಒಕ್ಕಲು ಮಕ್ಕಳು ಬೈಯುವುದು ಇವನನ್ನು. ಗೇಣಿ, ಒಕ್ಕಲೆಬ್ಬಿಸುವುದು ಎಂದರೆ ಏನೆಂದು ಸಾಗರ, ಸೊರಬದ ಕಡೆಯ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. 1951ರಲ್ಲಿ ಆ ಕಡೆಯ ಕಾಗೋಡಿನಲ್ಲಿ ಒಕ್ಕಲುಗಳ ಜಗಳ ಹೊತ್ತಿಕೊಂಡದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ. ಬಾಯ್ಕಾಟ್ ಬಗ್ಗೆ ಊರವರ ದೂರುಗಳೂ ಅದೇ ಜಾತಿಯವು. ಕೆಲಸಕ್ಕೆ ತಡವಾಗಿ ಬಂದರೆ ದಂಡ, ಕೋಳಿ ಅವನ ಹುಲ್ಲಿನ ಮೇಲೆ ಕಾಲಿಟ್ಟರೆ ದಂಡ. ದೊಡ್ಡ ಕ್ರೂರಿಯೇನಲ್ಲ, ಜಿಗುಟು ಮನುಷ್ಯ. ಇಂಥವರೇ ಇತಿಹಾಸದಲ್ಲಿ ಸಿಕ್ಕಿಬೀಳುವುದು ಹೆಚ್ಚು.

ಐರ್ಲೆಂಡು ಆಗ 1840ರ ದಶಕದ ಆಲೂಗಡ್ಡೆ ಬರಗಾಲವನ್ನು ಮರೆತಿರಲಿಲ್ಲ. ಹತ್ತು ಲಕ್ಷದಷ್ಟು ಜನ ಸತ್ತಿದ್ದ ಬರಗಾಲ ಅದು. 1879ರಲ್ಲಿ ಮತ್ತೆ ಬೆಳೆ ಕೈಕೊಟ್ಟಿತು. ಅದೇ ವರ್ಷ ಮೈಕೆಲ್ ಡೇವಿಟ್ ಮುಂದೆ ನಿಂತು ಒಕ್ಕಲುಗಳ ಪರವಾಗಿ ಲ್ಯಾಂಡ್ ಲೀಗ್ ಕಟ್ಟಿದ. ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್ ಅದರ ಅಧ್ಯಕ್ಷನಾದ. 1880ರ ಸೆಪ್ಟೆಂಬರ್ 19ರಂದು ಎನ್ನಿಸ್ ಎಂಬಲ್ಲಿ ಪಾರ್ನೆಲ್ ಸಭೆಯನ್ನು ಒಂದು ಪ್ರಶ್ನೆ ಕೇಳಿದ. ನಿಮ್ಮ ನೆರೆಯವನನ್ನು ಒಕ್ಕಲೆಬ್ಬಿಸಿದ ಜಮೀನಿಗೆ ಇನ್ನೊಬ್ಬ ಬಂದು ಗುತ್ತಿಗೆ ಹಿಡಿದರೆ ಅವನನ್ನು ಏನು ಮಾಡುತ್ತೀರಿ? ಜನರ ನಡುವಿನಿಂದ ‘ಕೊಲ್ಲಿ’, ‘ಗುಂಡಿಕ್ಕಿ’ ಎಂಬ ಕೂಗು ಬಂತು. ಅದಕ್ಕಿಂತ ಒಳ್ಳೆಯ, ಹೆಚ್ಚು ಕ್ರೈಸ್ತವಾದ ದಾರಿಯಿದೆ ಎಂದ ಪಾರ್ನೆಲ್. ಬೀದಿಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ, ಕೊನೆಗೆ ಪ್ರಾರ್ಥನೆಯ ಮನೆಯಲ್ಲೂ ಅವನನ್ನು ಒಂಟಿಯಾಗಿ ಬಿಟ್ಟುಬಿಡಿ, ಹಿಂದಿನ ಕಾಲದಲ್ಲಿ ಕುಷ್ಠರೋಗಿಯನ್ನು ದೂರ ಇಡುತ್ತಿದ್ದಂತೆ ದೂರ ಇಡಿ ಎಂಬುದು ಅವನ ಮಾತಿನ ಸಾರ.

ಇಲ್ಲೊಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಪಾರ್ನೆಲ್ ಹೇಳಿದ್ದು ನೆರೆಯವನ ಹೊಲಕ್ಕೆ ಕೈಹಾಕುವ ಇನ್ನೊಬ್ಬ ಬಡ ಒಕ್ಕಲಿನ ಬಗ್ಗೆ. ಪಾರುಪತ್ಯಗಾರನ ಬಗ್ಗೆ ಅಲ್ಲ. ಆ ಆಯುಧವನ್ನು ಮೇಲಕ್ಕೆ ತಿರುಗಿಸಿದವರು ಮೇಯೋದ ಜನ, ಅದೂ ಮೂರೇ ದಿನದಲ್ಲಿ.

ಲಾರ್ಡ್ ಅರ್ನ್‌ನ ಒಕ್ಕಲುಗಳು ಗೇಣಿಯಲ್ಲಿ ನೂರಕ್ಕೆ 25 ಕಡಿತ ಕೇಳಿದ್ದರು. ಒಡೆಯ 10ಕ್ಕೆ ಒಪ್ಪಿದ. ಸೆಪ್ಟೆಂಬರ್ 22ರಂದು ನೋಟಿಸು ಜಾರಿ ಮಾಡುವ ಅಮೀನ ಪೊಲೀಸರ ಕಾವಲಿನಲ್ಲಿ ಹೊರಟ. ಮೂರು ಮನೆಗೆ ನೋಟಿಸು ಮುಟ್ಟಿತು. ನಾಲ್ಕನೆಯ ಮನೆಯ ಹೆಂಗಸು ತೆಗೆದುಕೊಳ್ಳಲಿಲ್ಲ. ಕೆಂಪು ಬಾವುಟ ಬೀಸಿ ಸನ್ನೆ ಮಾಡಿದಳು. ಸುತ್ತಲಿನ ಹೆಂಗಸರು ಕೆಸರು, ಸಗಣಿ, ಕಲ್ಲು ಹಿಡಿದು ಬಂದರು. ಅಮೀನ ಮತ್ತು ಪೊಲೀಸರು ಓಡಿ ಬಾಯ್ಕಾಟನ ಮನೆ ಸೇರಿಕೊಂಡರು. ಮಾರನೆಯ ದಿನ ಊರು ಆ ಮನೆಯ ಆಳುಕಾಳುಗಳನ್ನೆಲ್ಲ ಬಿಡಿಸಿಕೊಂಡು ಹೋಯಿತು. ಕಮ್ಮಾರ ಲಾಳ ಕಟ್ಟಲಿಲ್ಲ, ಅಗಸಗಿತ್ತಿ ಬಟ್ಟೆ ಒಗೆಯಲಿಲ್ಲ, ಟಪಾಲು ತರುವ ಹುಡುಗ ಬರಲಿಲ್ಲ. ಬಾಲಿನ್‌ರೋಬ್ ಪೇಟೆಯ ಅಂಗಡಿಯವರು ಸಾಮಾನು ಕೊಡಲಿಲ್ಲ. ಹೊಲದಲ್ಲಿ ಆಲೂಗಡ್ಡೆ, ಟರ್ನಿಪ್ ಗಡ್ಡೆ, ಧಾನ್ಯ ಕೊಯ್ಲಿಗೆ ನಿಂತಿತ್ತು. ಕೊಯ್ಯುವ ಕೈ ಇರಲಿಲ್ಲ.

ಪದ ಹುಟ್ಟಿದ ಕಥೆಯನ್ನು ಬರೆದಿಟ್ಟವನು ಜೇಮ್ಸ್ ರೆಡ್‌ಪಾತ್ ಎಂಬ ಅಮೆರಿಕದ ಪತ್ರಕರ್ತ. ಆ ಭಾಗದ ಕ್ಯಾಥೊಲಿಕ್ ಪಾದ್ರಿ ಜಾನ್ ಓಮ್ಯಾಲಿಯ ಜೊತೆ ಅವನು ಊಟಕ್ಕೆ ಕೂತಿದ್ದ. ಊಟ ಮಾಡದೆ ಯೋಚಿಸುತ್ತಿದ್ದಾನೆ. ಏನೆಂದು ಪಾದ್ರಿ ಕೇಳಿದಾಗ ಒಂದು ಪದ ಬೇಕಾಗಿದೆ ಎಂದ. ಇಂಗ್ಲಿಷಿನಲ್ಲಿ ‘ಆಸ್ಟ್ರಸೈಸ್’ ಎಂಬುದಿತ್ತು. ಪ್ರಾಚೀನ ಅಥೆನ್ಸ್‌ನಲ್ಲಿ ನಾಗರಿಕರು ಮಡಕೆಯ ಚೂರಿನ ಮೇಲೆ ಹೆಸರು ಗೀಚಿ ಒಬ್ಬನನ್ನು ಹತ್ತು ವರ್ಷ ಗಡಿಪಾರು ಮಾಡುತ್ತಿದ್ದರು. ಆ ಚೂರಿನ ಹೆಸರಿನಿಂದ ಬಂದ ಕ್ರಿಯಾಪದ ಅದು. ಪಂಡಿತರಿಗೆ ಸರಿ, ಮೇಯೋದ ಒಕ್ಕಲಿಗೆ ಏನು ತಿಳಿಯಬೇಕು? ಪಾದ್ರಿ ಹಣೆ ತಟ್ಟಿಕೊಂಡು, ‘ಅವನನ್ನು ಬಾಯ್ಕಾಟ್ ಮಾಡುವುದು’ ಎಂದರೆ ಹೇಗೆ ಎಂದನಂತೆ. ಅಕ್ಟೋಬರ್ ತಿಂಗಳಲ್ಲೇ ರೆಡ್‌ಪಾತ್ ಅದನ್ನು ಚಿಕಾಗೋದ ಒಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ನವೆಂಬರಿನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ, ಇನ್ನೊಂದು ಐರಿಷ್ ಊರಿನ ಸುದ್ದಿ ಬರೆಯುವಾಗ, ಅದನ್ನು ಕ್ರಿಯಾಪದವಾಗಿ ಬಳಸಿತು.

ಟೈಮ್ಸ್ ಈ ಕಥೆಯೊಳಗೆ ಬರಲು ಬಾಯ್ಕಾಟನೇ ಕಾರಣ. ಅಕ್ಟೋಬರ್ 18ರಂದು ಆ ಪತ್ರಿಕೆಯಲ್ಲಿ ಅವನ ಪತ್ರ ಬಂತು: ಆಳು ಬಿಟ್ಟರು, ಅಂಗಡಿ ಮುಚ್ಚಿತು, ಬೆಳೆ ಹೊಲದಲ್ಲಿ ಕೊಳೆಯುತ್ತಿದೆ. ಅದನ್ನು ಬರೆಯದಿದ್ದರೆ ಇದು ಒಂದು ಊರಿನ ಜಗಳವಾಗಿ ಉಳಿಯುತ್ತಿತ್ತೇನೋ. ಉತ್ತರದ ಅಲ್ಸ್ಟರ್ ಪ್ರಾಂತದ ಪ್ರಾಟೆಸ್ಟಂಟರು ರೊಚ್ಚಿಗೆದ್ದು ‘ಬಾಯ್ಕಾಟ್ ಪರಿಹಾರ ದಂಡಯಾತ್ರೆ’ಗೆ ಹಣ ಕೂಡಿಸಿದರು. ನೂರಾರು ಜನ ಬರಲು ಸಿದ್ಧರಾದಾಗ ಸರ್ಕಾರ ಗಾಬರಿಬಿದ್ದು 50 ಜನರಿಗೆ ಮಾತ್ರ ಒಪ್ಪಿತು. ಕ್ಯಾವನ್ ಮತ್ತು ಮೊನಾಹನ್ ಕೌಂಟಿಗಳ ಆ 50 ಜನ ಟರ್ನಿಪ್ ಕೀಳಲು ಬಂದರು. ಅವರ ಕಾವಲಿಗೆ ಬಂದ ಸೈನಿಕರೂ ಪೊಲೀಸರೂ ಸೇರಿ ಸಾವಿರದಷ್ಟು! ನವೆಂಬರಿನ ಜಡಿಮಳೆ, ಕೆಸರು, ಬೀದಿಯಲ್ಲಿ ಒಂದು ಗಾಡಿ ಬಾಡಿಗೆಗೆ ಸಿಗಲಿಲ್ಲ, ರೈಲಿಳಿದು ನಡೆದುಕೊಂಡೇ ಬಂದರು. ಓಮ್ಯಾಲಿ ಜನರಿಗೆ ಹೇಳಿದ್ದು ಒಂದೇ ಮಾತು: ಯಾರೂ ಬೀದಿಗೆ ಬರಬೇಡಿ, ಒಂದು ಕಲ್ಲೂ ಬೀಳಬಾರದು. ಬೀಳಲಿಲ್ಲ. ಹೊಡೆದಾಟಕ್ಕೆ ಸಜ್ಜಾಗಿ ಬಂದ ಸೈನ್ಯಕ್ಕೆ ಎದುರಾಳಿಯೇ ಕಾಣಲಿಲ್ಲ.

ಸುಮಾರು ಎರಡು ವಾರದಲ್ಲಿ ಕೊಯ್ಲು ಮುಗಿಯಿತು. 500 ಪೌಂಡಿನ ಆಸುಪಾಸಿನ ಬೆಳೆ ಉಳಿಸಲು 10,000 ಪೌಂಡಿನಷ್ಟು ಖರ್ಚಾಯಿತು ಎಂದು ಆಗಿನ ಅಂದಾಜು. ಕಿತ್ತ ಪ್ರತಿ ಟರ್ನಿಪ್‌ಗೆ ಒಂದು ಶಿಲಿಂಗ್ ಎಂದು ಪಾರ್ನೆಲ್ ಲೆಕ್ಕ ಹಾಕಿ ನಕ್ಕ. ನವೆಂಬರ್ 27ರಂದು ಬಾಯ್ಕಾಟ್ ಸಂಸಾರ ಊರು ಬಿಟ್ಟಿತು. ಗಾಡಿ ಹೊಡೆಯಲು ಊರಿನಲ್ಲಿ ಒಬ್ಬನೂ ಸಿಗದೆ ಸೈನ್ಯದ ರೋಗಿಗಾಡಿಯಲ್ಲಿ ಅವರನ್ನು ಕಳಿಸಬೇಕಾಯಿತು. ಡಬ್ಲಿನ್ನಿಗೆ ಹೋದರೆ ಹೋಟೆಲಿನವನಿಗೂ ಬೆದರಿಕೆ ಪತ್ರ ಬಂದಿತ್ತು. ಡಿಸೆಂಬರ್ ಮೊದಲಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಹೆಸರು ಮಾತ್ರ ಐರ್ಲೆಂಡಿನಲ್ಲೇ ಉಳಿದು ಬೇರೆಯೇ ಬದುಕು ಶುರು ಮಾಡಿತು.

ಈಗ ಸ್ವಲ್ಪ ವ್ಯಾಕರಣ. ಮನುಷ್ಯರ ಹೆಸರಿನಿಂದ ಹುಟ್ಟಿದ ಕ್ರಿಯಾಪದ ಇಂಗ್ಲಿಷಿನಲ್ಲಿ ಇನ್ನೂ ಇವೆ. ಹಾಲನ್ನು ‘ಪಾಶ್ಚರೈಸ್’ ಮಾಡುತ್ತಾರೆ, ಲೂಯಿ ಪಾಶ್ಚರ್ ಆ ವಿಧಾನ ಕಂಡುಹಿಡಿದವನು. ‘ಮೆಸ್ಮರೈಸ್’ ಮಾಡುವುದನ್ನು ಕಲಿಸಿದವನು ವಿಯೆನ್ನಾದ ವೈದ್ಯ ಮೆಸ್ಮರ್. ಷೇಕ್ಸ್‌ಪಿಯರನ ನಾಟಕಗಳಿಂದ ಪೋಲಿ ಮಾತು ಕತ್ತರಿಸಿ ಮನೆಮಂದಿಗೆಲ್ಲ ಓದಿಸಲು ಹೊರಟ ಬೌಡ್ಲರನಿಂದ ‘ಬೌಡ್ಲರೈಸ್’. ಇವರೆಲ್ಲ ಆ ಕೆಲಸ ಮಾಡಿದವರು, ಕರ್ತೃಗಳು. ಬಾಯ್ಕಾಟ್ ಯಾರನ್ನೂ ಬಾಯ್ಕಾಟ್ ಮಾಡಿದವನಲ್ಲ. ಅವನು ಮಾಡಿಸಿಕೊಂಡವನು. ನಮ್ಮ ವ್ಯಾಕರಣದಲ್ಲಿ ಹೇಳುವುದಾದರೆ ಅವನು ಕರ್ತೃಪದವಲ್ಲ, ಕರ್ಮಪದ. ಅವನ ಕರ್ಮ ಎಂದರೂ ತಪ್ಪಾಗಲಾರದು.

ಕ್ರಿಕೆಟ್ ವೀಕ್ಷಕ ವಿವರಣೆ ಕೇಳಿ ಬೆಳೆದ ನಿಮ್ಮಲ್ಲಿ ಕೆಲವರಿಗೆ ಇಷ್ಟರಲ್ಲಿ ಇನ್ನೊಬ್ಬ ಬಾಯ್ಕಾಟ್ ನೆನಪಾಗಿರುತ್ತಾನೆ: ಯಾರ್ಕ್‌ಷೈರಿನ ಜೆಫ್ರಿ ಬಾಯ್ಕಾಟ್. 1967ರಲ್ಲಿ ಲೀಡ್ಸ್‌ನಲ್ಲಿ ನಮ್ಮ ಪಟೌಡಿಯ ತಂಡದ ಎದುರು ಔಟಾಗದೆ 246 ಹೊಡೆದ. ತೀರಾ ನಿಧಾನವಾಗಿ ಆಡಿದನೆಂದು ಆಯ್ಕೆಗಾರರು ಮುಂದಿನ ಟೆಸ್ಟಿಗೆ ಅವನನ್ನು ಕೈಬಿಟ್ಟರು. ಅಲ್ಲಿಗೆ ಮನೆತನದ ಹೆಸರಿಗೆ ತಕ್ಕ ಮರ್ಯಾದೆಯಾಯಿತು. 1974ರಿಂದ 1977ರವರೆಗೆ ಅವನೇ ತಾನಾಗಿ ಇಂಗ್ಲೆಂಡ್ ತಂಡದಿಂದ ದೂರ ಉಳಿದ. ಹಾಗಾಗಿ ಕರ್ತೃವಾದ ಬಾಯ್ಕಾಟ್ ಒಬ್ಬನಾದರೂ ಸಿಗುತ್ತಾನೆ.

ಪ್ರಯೋಗದ ವಿಷಯಕ್ಕೆ ಬರೋಣ. ಇದು ಸಕರ್ಮಕ ಕ್ರಿಯಾಪದ. ಏನನ್ನು, ಯಾರನ್ನು ಎಂಬ ಪ್ರಶ್ನೆಗೆ ಉತ್ತರ ಇರಲೇಬೇಕು. ಒಬ್ಬ ಮನುಷ್ಯನನ್ನು, ಒಂದು ಅಂಗಡಿಯನ್ನು, ಒಂದು ದೇಶದ ಸರಕನ್ನು, ಚುನಾವಣೆಯನ್ನು, ಸಭೆಯನ್ನು ಬಾಯ್ಕಾಟ್ ಮಾಡಬಹುದು. ವಿಚಿತ್ರವೆಂದರೆ ಇದು ಮಾಡದಿರುವುದನ್ನು ಹೇಳುವ ಕ್ರಿಯಾಪದ. ಮಾತಾಡದಿರುವುದು, ಕೊಳ್ಳದಿರುವುದು, ಹೋಗದಿರುವುದು. ಆದರೆ ಎಲ್ಲ ಮಾಡದಿರುವಿಕೆಯೂ ಬಾಯ್ಕಾಟ್ ಅಲ್ಲ. ವೈದ್ಯರು ಬೇಡವೆಂದರೆಂದು ಕಾಫಿ ಬಿಟ್ಟವನು ಕಾಫಿಯನ್ನು ಬಾಯ್ಕಾಟ್ ಮಾಡಿದ ಹಾಗಾಗುವುದಿಲ್ಲ. ಎಂದೂ ಕಾಲಿಡದ ಅಂಗಡಿಯನ್ನು ಬಾಯ್ಕಾಟ್ ಮಾಡುತ್ತೇನೆಂದರೆ ಅಂಗಡಿಯವನು ನಕ್ಕಾನು. ಮೊದಲು ಕೊಡು-ಕೊಳ್ಳು ಇದ್ದಿರಬೇಕು, ಅದನ್ನು ಬೇಕೆಂದೇ ನಿಲ್ಲಿಸಬೇಕು, ಹತ್ತು ಜನ ಕೂಡಿ ನಿಲ್ಲಿಸಬೇಕು, ಯಾಕೆಂದು ಎದುರಿನವನಿಗೆ ಗೊತ್ತಾಗಬೇಕು. ಮುಷ್ಕರಕ್ಕೂ ಇದಕ್ಕೂ ಇರುವ ಗೆರೆ ತೆಳು. ಕೂಲಿಯಾಳು ತನ್ನ ಕೆಲಸ ನಿಲ್ಲಿಸಿದರೆ ಮುಷ್ಕರ. ಕಮ್ಮಾರ, ಅಗಸ, ಅಂಗಡಿಯವ, ಟಪಾಲಿನ ಹುಡುಗ, ಹೀಗೆ ಆ ಕೂಲಿಯ ಜಗಳಕ್ಕೆ ಸಂಬಂಧವೇ ಇಲ್ಲದವರೂ ಬೆನ್ನು ತಿರುಗಿಸಿದರೆ ಅದು ಬಾಯ್ಕಾಟ್. ನಮ್ಮ ಪತ್ರಿಕೆಗಳು ಶಾಸಕರು ಎದ್ದು ಹೊರನಡೆದರೆ ಸಭಾತ್ಯಾಗ ಎಂದೂ, ಬರದೇ ಉಳಿದರೆ ಬಹಿಷ್ಕಾರ ಎಂದೂ ಬರೆಯುತ್ತವಲ್ಲ, ಅದು ಸರಿಯಾದ ವಿವೇಕ.

ಇಷ್ಟು ಬೇಗ ಲೋಕ ಸುತ್ತಿದ ಇಂಗ್ಲಿಷ್ ಪದ ಅಪರೂಪ. ಫ್ರೆಂಚರು ಬಾಲ ಸೇರಿಸಿ ಬಾಯ್‌ಕಾತೇ ಎಂದರು, ಜರ್ಮನ್ನರು ಬಾಯ್‌ಕಾಟೀರೆನ್ ಎಂದರು, ರಷ್ಯನ್ನರು ತಮ್ಮ ಪ್ರತ್ಯಯ ಹಚ್ಚಿಕೊಂಡರು, ಜಪಾನಿನಲ್ಲಿ ಬೊಯಿಕೊಟ್ಟೊ ಆಯಿತು. ನಾವು ನಮ್ಮ ‘ಇಸು’ ಪ್ರತ್ಯಯ ಹಚ್ಚಿ ‘ಬಾಯ್ಕಾಟಿಸು’ ಅನ್ನಲಿಲ್ಲ. ‘ಮಾಡು’ ಸೇರಿಸಿ ಸುಮ್ಮನಾದೆವು.

ಇಂಡಿಯಾದ ರಾಜಕೀಯಕ್ಕೆ ಪದ ಸದ್ದು ಮಾಡುತ್ತ ಬಂದದ್ದು 1905ರಲ್ಲಿ. ಕರ್ಜನ್ ಬಂಗಾಳವನ್ನು ಸೀಳಲು ಹೊರಟಾಗ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲಿನಲ್ಲಿ ವಿದೇಶಿ ಸರಕಿನ ಬಾಯ್ಕಾಟ್ ನಿರ್ಣಯವಾಯಿತು. ಅದೇ ವರ್ಷ ಚೀನೀಯರು ಅಮೆರಿಕದ ಸರಕಿನ ಮೇಲೆ ಅದನ್ನೇ ಮಾಡಿದ್ದರು. ವರ್ಷದ ಕೊನೆಗೆ ಕಾಶಿಯಲ್ಲಿ ಕಾಂಗ್ರೆಸ್ ಅಧಿವೇಶನ, ಅಧ್ಯಕ್ಷರು ಗೋಪಾಲಕೃಷ್ಣ ಗೋಖಲೆ, ನಮ್ಮ ಡಿವಿಜಿಯವರಿಂದಾಗಿ ಕನ್ನಡಿಗರಿಗೆ ಮನೆಯವರಂತಾದ ಗೋಖಲೆ. ಅವರು ಸ್ವದೇಶಿಯನ್ನು ಮನಸಾರೆ ಮೆಚ್ಚಿದರು, ಬಂಗಾಳದವರ ಸಿಟ್ಟನ್ನು ಒಪ್ಪಿದರು, ಆದರೆ ‘ಬಾಯ್ಕಾಟ್’ ಎಂಬ ಪದದ ಮುಂದೆ ನಿಂತು ಅನುಮಾನಿಸಿದರು. ಆ ಪದಕ್ಕೆ ಒಳ್ಳೆಯ ವಾಸನೆಯಿಲ್ಲ, ಇನ್ನೊಬ್ಬನಿಗೆ ಕೇಡಾಗಲಿ ಎಂಬ ಬಯಕೆ ಅದರೊಳಗೆ ಸೇರಿಕೊಂಡಿದೆ ಎಂಬ ಅರ್ಥದಲ್ಲಿ ಮಾತಾಡಿದರು. ಆಗಿನ ಬಿಸಿರಕ್ತದವರಿಗೆ ಇದು ಹೇಡಿತನದಂತೆ ಕಂಡಿರಬೇಕು. ನನಗೆ ಹಾಗನಿಸುವುದಿಲ್ಲ. ಆ ಹೊತ್ತಿಗೆ ಪದದ ವಯಸ್ಸು ಬರೀ 25. ಮೇಯೋದ ಹೊಲದ ಕೆಸರು ಅದರ ಕಾಲಿನಿಂದ ಇನ್ನೂ ಒಣಗಿರಲಿಲ್ಲ.

ಗಾಂಧಿಯವರಿಗೂ ಇದೇ ಇಕ್ಕಟ್ಟು ಬಂತು. 1919ರ ನವೆಂಬರ್, ದೆಹಲಿಯ ಖಿಲಾಫತ್ ಸಮ್ಮೇಳನ. ಹಸ್ರತ್ ಮೊಹಾನಿ ಬ್ರಿಟಿಷ್ ಸರಕಿನ ಬಾಯ್ಕಾಟ್ ಬೇಕೆಂದು ವಾದಿಸುತ್ತಿದ್ದರು. ಗಾಂಧಿಗೆ ಅದು ರುಚಿಸಲಿಲ್ಲ. ಬೇರೇನೋ ಹೇಳಬೇಕು, ಆದರೆ ಅದಕ್ಕೆ ಪದ ಸಿಗುತ್ತಿಲ್ಲ. ಹಿಂದಿಯಲ್ಲಿ ಹುಡುಕಿದರು, ಉರ್ದುವಿನಲ್ಲಿ ಹುಡುಕಿದರು, ಸಿಗದೆ ಕೊನೆಗೆ ‘ನಾನ್-ಕೋಆಪರೇಷನ್’ ಎಂದು ಇಂಗ್ಲಿಷಿನಲ್ಲೇ ಹೇಳಿದರು. ಆತ್ಮಕಥೆಯಲ್ಲಿ ಅವರೇ ಇದನ್ನು ಬರೆದಿದ್ದಾರೆ. ನಮ್ಮ ‘ಅಸಹಕಾರ’ ಹುಟ್ಟಿದ್ದು ಹೀಗೆ, ಬಾಯ್ಕಾಟ್ ಸಾಲದು ಎಂದು. ಊಟದ ಮೇಜಿನಲ್ಲಿ ಪಾದ್ರಿಗೆ ಹೊಳೆದ ಪದವನ್ನು ಬದಿಗಿಡಲು ಇನ್ನೊಬ್ಬರು ತುಂಬಿದ ಸಭೆಯಲ್ಲಿ ತಡವರಿಸಿದರು.

ಮೂರನೆಯವರು ಮಾರ್ಟಿನ್ ಲೂಥರ್ ಕಿಂಗ್. ಅಮೆರಿಕದ ಮಾಂಟ್ಗಮರಿಯಲ್ಲಿ ರೋಸಾ ಪಾರ್ಕ್ಸ್ 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡದೆ ಬಂಧನಕ್ಕೊಳಗಾದರು. 5ರಿಂದ ಆ ಊರಿನ ಕಪ್ಪು ಜನ ಬಸ್ಸು ಹತ್ತುವುದನ್ನು ನಿಲ್ಲಿಸಿದರು. 381 ದಿನ ನಡೆದರು, ಗೆದ್ದರು. ಜಗತ್ತು ಅದನ್ನು ಬಸ್ ಬಾಯ್ಕಾಟ್ ಎಂದೇ ಕರೆಯುತ್ತದೆ. ಆದರೆ ಶುರುವಿನಲ್ಲೇ ಕಿಂಗ್‌ಗೆ ಒಂದು ಅನುಮಾನ ಕಾಡಿತ್ತು. ಕಪ್ಪು ಜನರಿಗೆ ಕೆಲಸ, ಸಾಲ, ವ್ಯಾಪಾರ ತಪ್ಪಿಸಿ ಬಗ್ಗಿಸಲು ಬಿಳಿಯರ ಸಂಘಗಳು ಬಳಸುತ್ತಿದ್ದ ಉಪಾಯವೂ ಇದೇ ಅಲ್ಲವೇ? ಕೆಟ್ಟ ವ್ಯವಸ್ಥೆಗೆ ನಮ್ಮ ಸಹಕಾರ ಹಿಂತೆಗೆದುಕೊಳ್ಳುತ್ತಿದ್ದೇವೆ ಎಂದು ಅವರು ಮನಸ್ಸಿಗೆ ಸಮಾಧಾನ ಹೇಳಿಕೊಂಡರು, ಬಾಯ್ಕಾಟ್ ಎಂಬ ಪದವನ್ನು ಆಮೇಲೆ ಅಪರೂಪಕ್ಕೆ ಬಳಸಿದರು. ಈ ಆಯುಧವನ್ನು ಚೆನ್ನಾಗಿ ಬಲ್ಲವರೇ ಅದರ ಹೆಸರಿಗೆ ಹಿಂಜರಿದದ್ದು ನನಗೆ ಆಕಸ್ಮಿಕ ಅನಿಸುವುದಿಲ್ಲ. ಯಾಕೆಂದರೆ ಕ್ರಿಯಾಪದ ತನ್ನ ಕರ್ತೃ ಯಾರೆಂದು ಹೇಳುವುದಿಲ್ಲ. 1933ರ ಏಪ್ರಿಲ್ 1ರಂದು ಜರ್ಮನಿಯಲ್ಲಿ ಯಹೂದಿಗಳ ಅಂಗಡಿಗಳ ಮುಂದೆ ನಾಜಿಗಳು ಕಾವಲು ನಿಂತು ಗಿರಾಕಿಗಳನ್ನು ಅಡ್ಡಗಟ್ಟಿದರಲ್ಲ, ಅದಕ್ಕೂ ಅವರ ಭಾಷೆಯಲ್ಲಿ ಹೆಸರು ಬಾಯ್ಕಾಟ್.

ಕನ್ನಡದಲ್ಲಿ ಈ ಗೊಂದಲ ಇನ್ನೂ ಗಟ್ಟಿ, ಯಾಕೆಂದರೆ ನಮ್ಮಲ್ಲಿ ಪದ ಮೊದಲೇ ಇತ್ತು. ಬಹಿಷ್ಕಾರ. ಐರಿಷ್ ಒಕ್ಕಲು ಬಾಯ್ಕಾಟನಿಗೆ ಮಾಡುವುದಕ್ಕೆ ಎಷ್ಟೋ ಶತಮಾನ ಮೊದಲೇ ನಮ್ಮ ಊರು, ಜಾತಿ, ಮಠಗಳು ಅದನ್ನು ಮಾಡುತ್ತಿದ್ದವು. ನೀರು ನಿಲ್ಲಿಸುವುದು, ಬೆಂಕಿ ಕೊಡದಿರುವುದು, ಮದುವೆ ಮುಂಜಿಗೆ ಕರೆಯದಿರುವುದು, ಹೆಣಕ್ಕೆ ಹೆಗಲು ಕೊಡದಿರುವುದು. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನೋ, ಗಿರೀಶ ಕಾಸರವಳ್ಳಿಯವರು ಅದರಿಂದ ಮಾಡಿದ 1977ರ ಸಿನಿಮಾವನ್ನೋ ಬಲ್ಲವರಿಗೆ ಆ ಹೆಸರಿನ ಅರ್ಥ ಗೊತ್ತು: ಬದುಕಿರುವವರಿಗೆ ಮಡಕೆ ಒಡೆದು ಮಾಡುವ ಶ್ರಾದ್ಧ. ಅಥೆನ್ಸ್‌ನ ಮಡಕೆ ಚೂರಿನಲ್ಲಿ ಹತ್ತು ವರ್ಷದ ವಾಯಿದೆಯಾದರೂ ಇತ್ತು. ಇಲ್ಲಿ ಅದೂ ಇಲ್ಲ. ಬಾಯ್ಕಾಟ್ ಕೆಳಗಿನವರು ಮೇಲಿನವನಿಗೆ ಮಾಡಿದ್ದು. ನಮ್ಮ ಬಹಿಷ್ಕಾರ ಬಹುಪಾಲು ಮೇಲಿನಿಂದ ಕೆಳಕ್ಕೆ. ಪತ್ರಿಕೆಯವರು ಎರಡನ್ನೂ ಒಂದೇ ಪದದಲ್ಲಿ ಬರೆಯಹೊರಟಾಗ ತಲೆಬರಹ ಓದಿದವನಿಗೆ ಯಾರು ಯಾರ ಮೇಲೆ ಎಂದು ಕೆಳಗಿನ ಸುದ್ದಿ ಓದುವವರೆಗೆ ತಿಳಿಯುವುದಿಲ್ಲ.

ಮೇಲಿನಿಂದ ಬಂದದ್ದೆಲ್ಲ ಕೆಟ್ಟದ್ದು, ಕೆಳಗಿನಿಂದ ಬಂದದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಬಾಯ್ಕಾಟನ ಅಗಸಗಿತ್ತಿಯನ್ನೂ ಟಪಾಲಿನ ಹುಡುಗನನ್ನೂ ಊರು ಹೆದರಿಸಿಯೇ ಬಿಡಿಸಿತ್ತು. ನಮ್ಮಲ್ಲೇ ಬೇರೆ ದಾರಿ ತುಳಿದವರ ಉದಾಹರಣೆಯಿದೆ. 1930ರ ದಶಕದಲ್ಲಿ ಉತ್ತರ ಕನ್ನಡದ ಸಿದ್ದಾಪುರ, ಅಂಕೋಲೆಗಳಲ್ಲಿ ಕರನಿರಾಕರಣೆ ನಡೆದಾಗ ಸರ್ಕಾರ ರೈತರ ಜಮೀನು, ಪಾತ್ರೆ ಪಡಗ ಜಪ್ತಿ ಮಾಡಿ ಹರಾಜು ಹಾಕಿತು. ಹರಾಜಿನಲ್ಲಿ ಕೊಂಡ ನೆರೆಯವನನ್ನು ಏನು ಮಾಡಬೇಕು? ಪಾರ್ನೆಲ್ ಎನ್ನಿಸ್‌ನಲ್ಲಿ ಕೇಳಿದ್ದು ಇದೇ ಪ್ರಶ್ನೆ. ಮಾವಿನಗುಂಡಿಯ ಕಡೆಯ ಹೆಣ್ಣುಮಕ್ಕಳು ಕೊಂಡವರ ಮನೆಯ ಮುಂದೆ ಹೋಗಿ ಉಪವಾಸ ಕೂತರು. ಬೆನ್ನು ತಿರುಗಿಸಲಿಲ್ಲ, ಬಾಗಿಲಿಗೇ ಬಂದರು.

ಈ ಕ್ರಿಯಾಪದದ ಅರ್ಥವನ್ನು ಅತ್ಯಂತ ಬಿಗಿಯಾಗಿ ಬರೆಯಬೇಕಾಗಿ ಬಂದದ್ದು ನಿಘಂಟುಕಾರರಿಗಲ್ಲ, ಅಂಬೇಡ್ಕರ್ ಅವರಿಗೆ. ಅವರು 1927ರಲ್ಲಿ ಶುರು ಮಾಡಿದ ಪತ್ರಿಕೆಯ ಹೆಸರೇ ‘ಬಹಿಷ್ಕೃತ ಭಾರತ’. ಮುಂಬೈ ಸರ್ಕಾರ 1928ರಲ್ಲಿ ಸ್ಟಾರ್ಟ್ ಎಂಬ ಅಧಿಕಾರಿಯ ಕೈಕೆಳಗೆ ಒಂದು ಸಮಿತಿ ನೇಮಿಸಿತು. ಅಂಬೇಡ್ಕರ್ ಅದರ ಸದಸ್ಯರು. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಆಗ ಆ ಪ್ರಾಂತದಲ್ಲೇ ಇದ್ದವು. ಸಮಿತಿ ಕಂಡದ್ದು ಇದು: ಊರ ಬಾವಿಗೆ ಹೋದರೆ, ಜನಿವಾರ ಹಾಕಿಕೊಂಡರೆ, ತುಂಡು ನೆಲ ಕೊಂಡರೆ, ಒಳ್ಳೆಯ ಬಟ್ಟೆ ಅಥವಾ ಒಡವೆ ಹಾಕಿದರೆ, ಮದುಮಗನನ್ನು ಕುದುರೆಯ ಮೇಲೆ ಕೂರಿಸಿದರೆ ಅಸ್ಪೃಶ್ಯರ ಮೇಲೆ ಬಹಿಷ್ಕಾರ ಬೀಳುತ್ತಿತ್ತು. ಕೂಲಿ ಇಲ್ಲ, ಸಾಗುವಳಿಗೆ ನೆಲ ಇಲ್ಲ, ನಡೆಯುವ ದಾರಿ ಇಲ್ಲ, ಅಂಗಡಿಯಲ್ಲಿ ಉಪ್ಪೂ ಇಲ್ಲ. ಬಾಯ್ಕಾಟನಿಗಾದರೆ ಟರ್ನಿಪ್ ಕೀಳುವವರ ಕಾವಲಿಗೆ ಸೈನ್ಯ ಬಂತು. ಇವರಿಗೆ ಯಾವ ಸೈನ್ಯವೂ ಬರಲಿಲ್ಲ.

ದುಂಡುಮೇಜಿನ ಪರಿಷತ್ತಿಗೆ ಕೊಟ್ಟ ಬೇಡಿಕೆಗಳಲ್ಲಿ ಅಂಬೇಡ್ಕರ್ ಮತ್ತು ಆರ್. ಶ್ರೀನಿವಾಸನ್ ಬಹಿಷ್ಕಾರ ಹಾಕುವುದು ಅಪರಾಧವಾಗಬೇಕು ಎಂದು ಸೇರಿಸಿದರು. ಅಪರಾಧವಾಗಬೇಕಾದರೆ ವ್ಯಾಖ್ಯೆ ಬೇಕು. ಅದನ್ನು ಅವರು 1922ರ ಬರ್ಮಾ ಬಾಯ್ಕಾಟ್ ವಿರೋಧಿ ಕಾಯ್ದೆಯಿಂದ ತಂದು ಸ್ವಲ್ಪ ತಿದ್ದಿಕೊಂಡರು. ಮನೆ ಜಮೀನು ಕೊಡದಿರುವುದು, ವ್ಯವಹಾರ ಮಾಡದಿರುವುದು, ಸೇವೆ ಕೊಡದಿರುವುದು, ಊರಿನಲ್ಲಿ ರೂಢಿಯಲ್ಲಿರುವ ಸಂಬಂಧ ಕಡಿಯುವುದು, ಹೀಗೆ ಒಂದೊಂದಾಗಿ. ಆ ಬರ್ಮಾ ಕಾಯ್ದೆಯನ್ನು ಬ್ರಿಟಿಷರು ಮಾಡಿದ್ದು ಅಲ್ಲಿಯ ರಾಷ್ಟ್ರೀಯವಾದಿಗಳನ್ನು ಹತ್ತಿಕ್ಕಲು! ಅಧಿಕಾರಿಯ ಪರ ನಿಂತ ವಾಕ್ಯಗಳನ್ನು ಅಂಬೇಡ್ಕರ್ ಊರಾಚೆಯ ಕೇರಿಯ ಪರ ನಿಲ್ಲಿಸಿದರು. ಸ್ವತಂತ್ರ ಭಾರತದಲ್ಲಿ ಪರಿಶಿಷ್ಟ ಜಾತಿ-ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರ ಸ್ಪಷ್ಟವಾಗಿ ಸೇರಿದ್ದು 2015ರ ತಿದ್ದುಪಡಿಯಲ್ಲಿ. ದುಂಡುಮೇಜಿನ ಪರಿಷತ್ತಿನ ಆ ಬೇಡಿಕೆಯಿಂದ ಅಲ್ಲಿಗೆ 85 ವರ್ಷ.

ಇನ್ನು ಬಾಯ್ಕಾಟ್ ಎಂಬ ಮನುಷ್ಯ ಏನಾದ? 1881ರಲ್ಲಿ ಹೆಂಡತಿಯೊಡನೆ ಅಮೆರಿಕಕ್ಕೆ ಹೋದ. ಹಡಗಿನ ಪಟ್ಟಿಯಲ್ಲಿ ಬಾಯ್ಕಾಟ್ ಎಂದು ಬರೆಸಲು ಧೈರ್ಯವಾಗದೆ ನಡುಹೆಸರು ಹಿಡಿದು ಕನಿಂಗ್‌ಹ್ಯಾಮ್ ಆದ. ನ್ಯೂಯಾರ್ಕಿನ ಪತ್ರಕರ್ತರು ಹಿಡಿದೇಬಿಟ್ಟರು. ಭಾಷೆಗೆ ತಾನು ಬಯಸದೆಯೇ ಒಂದು ಪದ ಕೊಟ್ಟವನು ಬಂದಿದ್ದಾನೆ ಎಂದು ಸಂಭ್ರಮಿಸಿದರು. ಅಲ್ಲಿಂದ ಲಾಖ್ ಮಾಸ್ಕ್‌ಗೆ ಹಿಂದಿರುಗಿ ಕೆಲವು ವರ್ಷ ಇದ್ದ. 1886ರಲ್ಲಿ ಇಂಗ್ಲೆಂಡಿನ ಸಫಕ್‌ನಲ್ಲಿ ಇನ್ನೊಬ್ಬ ಜಮೀನುದಾರನ ಪಾರುಪತ್ಯಕ್ಕೆ ಸೇರಿಕೊಂಡ. 1888ರಲ್ಲಿ ಜೇಮ್ಸ್ ಮರ್ರೆ ಸಂಪಾದಿಸುತ್ತಿದ್ದ, ಮುಂದೆ ಆಕ್ಸ್‌ಫರ್ಡ್ ನಿಘಂಟೆಂದು ಹೆಸರಾದ ಮಹಾಕೋಶದ ಮೊದಲ ಸಂಪುಟ ಪೂರ್ತಿಯಾದಾಗ ‘ಬಾಯ್ಕಾಟ್’ ಅದರೊಳಗಿತ್ತು, ಬಳಕೆಯ ಉದಾಹರಣೆಗಳ ಸಹಿತ. ಬಾಯ್ಕಾಟ್ ತೀರಿಕೊಂಡದ್ದು 1897ರಲ್ಲಿ. ಹೆಸರಿನ ಅರ್ಥವನ್ನು ನಿಘಂಟಿನಲ್ಲಿ ನೋಡಲು ಅವನಿಗೆ ಒಂಬತ್ತು ವರ್ಷ ಸಮಯವಿತ್ತು.